ನಾಯಿಯ ವಾಸಿಯೂಟ

ನಮ್ಮೂರಿನಲ್ಲಿ ಯಾರಿಗೇ ಆಗಲಿ, ಒಂದು ಮಂಡಲಕ್ಕಿಂತ, ಅಂದರೆ ನಲವತ್ತೆಂಟು ದಿನಕ್ಕಿಂತ, ಹೆಚ್ಚು ಕಾಲ ಕಾಯಿಲೆ ಇರುವಂತಿಲ್ಲ. ಅಷ್ಟರೊಳಗೆ ವಾಸಿಯಾಗಬೇಕು, ಇಲ್ಲವೇ ಶಿವನ ಪಾದ ಸೇರಿಕೊಳ್ಳಬೇಕು. ಎರಡೂ ಕೈಲಾಗದವರು ಗಂಟುಮೂಟೆ ಕಟ್ಟಿಕೊಂಡು ಹೊಳೆಯಾಚೆಗೆ ಹೋಗಬೇಕು. ಮಂಡಲ ತುಂಬಿದ ದಿನ ವಾಸಿಯೂಟ. ವಾಸಿ ಸಮಿತಿಯವರು ಆರತಿ ತಟ್ಟೆ ಹಿಡಿದು ಬರುತ್ತಾರೆ, ಕಾಯಿಲೆ ಬಿದ್ದವರನ್ನು ಮಣೆಯ ಮೇಲೆ ಕೂರಿಸುತ್ತಾರೆ. ಮೊದಲ ತುತ್ತು ಪಾಯಸ ಅವರ ಬಾಯಿಗೆ ಹೋದ ಮೇಲೆಯೇ ಮಿಕ್ಕವರು ಎಲೆಗೆ ಕೈ ಇಡುವುದು. ಉಂಡವರೆಲ್ಲ ಸಾಕ್ಷಿಗಳು. ಆಮೇಲೆ ನಿಮ್ಮ ಕಾಯಿಲೆಯ ಮಾತನ್ನು ನೀವೂ ಎತ್ತುವಂತಿಲ್ಲ, ಬೇರೆಯವರೂ ಎತ್ತುವಂತಿಲ್ಲ. ಎತ್ತಿದರೆ ಅಷ್ಟು ಜನ ಉಂಡ ಪಾಯಸ ಸುಳ್ಳಾಗುತ್ತದಲ್ಲ!

ನನಗೆ ಫಿಟ್ಸ್ ಬರುತ್ತದೆ. ಮೂರ್ಛೆರೋಗ ಅಂತ ಪುಸ್ತಕದ ಹೆಸರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಶುರುವಾಯಿತು, ಮಂಡಲ ತುಂಬಿತು, ವಾಸಿಯೂಟವೂ ಆಯಿತು. ಅದೇ ಸಂಜೆ ಪಾಯಸದ ಕೊಪ್ಪರಿಗೆ ತೊಳೆಯುತ್ತಾ ಕೊಪ್ಪರಿಗೆಯ ಮೇಲೇ ಬಿದ್ದೆ. ಅಮ್ಮ ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಅದೇನು ಸದ್ದು ಎಂದು ಪಕ್ಕದ ಮನೆಯವರು ಕೇಳಿದ್ದಕ್ಕೆ ಕೊಪ್ಪರಿಗೆ ಬಿತ್ತು ಎಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಬಿದ್ದ ಪಾತ್ರೆಗಳಿಗೆ ಲೆಕ್ಕವಿಲ್ಲ.

ಊರಿನವರು ಕಲ್ಲುಮನಸ್ಸಿನವರೇನಲ್ಲ, ಅದನ್ನೂ ಹೇಳಿಬಿಡಬೇಕು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂದು ನಮ್ಮ ಜನಕ್ಕೆ ಗಟ್ಟಿ ನಂಬಿಕೆ. ನಿಲ್ಲುವುದಿಲ್ಲ, ಅದು ತಾನಾಗಿ ಬಂದು ತಾನಾಗಿ ಹೋಗುತ್ತದೆ, ಇರಲಿ. ಆದರೆ ವಾಸಿಯಾದವಳ ಕೈಯಲ್ಲಿ ಬೀಗದ ಕೈ ಇಡುವುದು ಹೇಗೆ? ಅದಕ್ಕೆ ಅವರು ಒಂದು ಉಪಾಯ ಕಂಡುಕೊಂಡಿದ್ದರು. ನಾನು ಬೀದಿಯಲ್ಲಿ ಬಿದ್ದಾಗ ಯಾರಾದರೊಬ್ಬರು ನನ್ನ ಪಕ್ಕದಲ್ಲೇ ಹಾದುಹೋಗಿ, "ಅಯ್ಯೋ, ಕೀ ಬಿದ್ದೋಯ್ತು" ಎಂದು ಜೋರಾಗಿ ಹೇಳಿ, ಗೊಂಚಲನ್ನು ನನ್ನ ಅಂಗೈ ಹತ್ತಿರ ಬೀಳಿಸಿ, ಹಿಂತಿರುಗಿ ನೋಡದೆ ನಡೆದುಬಿಡುತ್ತಿದ್ದರು. ಎಚ್ಚರವಾದಾಗ ನನ್ನ ಸುತ್ತ ಅರ್ಧ ಕೇರಿಯ ಬೀಗದ ಕೈಗಳು ಬಿದ್ದಿರುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು, "ಮಂಗಳಕ್ಕಾ, ನನ್ ಕೀ ಏನಾದ್ರೂ ಕಂಡ್ರಾ?" ಎಂದು ಕೇಳುತ್ತಿದ್ದರು. ನಾನೂ ಗಂಭೀರವಾಗಿ ಹಂಚುತ್ತಿದ್ದೆ.

ಮಾತ್ರೆಯ ಕಥೆಯೂ ಹಾಗೇ. ಔಷಧಿ ಅಂಗಡಿಯಲ್ಲಿ ನಾವೆಲ್ಲ ಮಾತ್ರೆ ಕೊಳ್ಳುವುದು ನೆಂಟರಿಗಾಗಿ. "ಮನೆಗೆ ನೆಂಟರು ಬಂದಿದಾರೆ, ಅವರಿಗೆ ಬೇಕಾಗಿತ್ತು" ಎನ್ನಬೇಕು. ಅಂಗಡಿಯವನು "ನೆಂಟರಿಗೆ ತಿಂಗಳಿಗಾಗೋವಷ್ಟು ಕೊಡ್ಲಾ?" ಎನ್ನುತ್ತಾನೆ. ನಮ್ಮೂರಿನಷ್ಟು ನೆಂಟರು ಬರುವ ಊರು ಈ ಭೂಮಿಯ ಮೇಲೆ ಇನ್ನೊಂದಿರಲಾರದು. ಬಂದವರಿಗೆಲ್ಲ ಒಂದಲ್ಲ ಒಂದು ರೋಗ, ಪಾಪ.

ನನ್ನ ಕೆಲಸ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಕೂಗುವುದು. ಧ್ವನಿ ಚೆನ್ನಾಗಿದೆ ಎಂದು ಕೊಟ್ಟ ಕೆಲಸ, ನನಗೆ ಪ್ರಾಣ. ಬಸ್ಸುಗಳು ನನ್ನ ಮಾತು ಕೇಳಿಯೇ ಬಂದು ನಿಲ್ಲುತ್ತವೆ ಎನ್ನುವ ಒಂದು ಜಂಬವೂ ಇತ್ತು. ಆದರೆ ಕೂಗುತ್ತಾ ಕೂಗುತ್ತಾ ಫಿಟ್ಸ್ ಬಂದರೆ ಇಡೀ ನಿಲ್ದಾಣಕ್ಕೆ, ಪಕ್ಕದ ಮಾರುಕಟ್ಟೆಗೆ, ಹೈಸ್ಕೂಲಿನ ಮೈದಾನದವರೆಗೆ ನಾನು ಬೀಳುವುದು ಕೇಳಿಸುತ್ತಿತ್ತು. ಮೊದಲು ಮಾತು ತೊದಲುತ್ತದೆ, ಆಮೇಲೆ ಒಂದು ಕೂಗು, ಆಮೇಲೆ ಕುರ್ಚಿ ಉರುಳುವ ಸದ್ದು. ಜನ ತಲೆಯೆತ್ತಿ ಸ್ಪೀಕರು ನೋಡಿ, "ಥತ್, ಮೈಕು ಕೆಟ್ಟೋಯ್ತು" ಎನ್ನುತ್ತಿದ್ದರು. ಮೈಕ್ ರಿಪೇರಿ ಉಮಾಪತಿಗೆ ಕರೆ ಹೋಗುತ್ತಿತ್ತು. ಅವನು ಬಂದು, ನೆಲದ ಮೇಲಿದ್ದ ನನ್ನನ್ನು ದಾಟಿಕೊಂಡು, ಕೆಡದೆ ಇದ್ದ ಮೈಕನ್ನು ಬಿಚ್ಚಿ ಮತ್ತೆ ಜೋಡಿಸಿ ಬಿಲ್ಲು ಹಾಕುತ್ತಿದ್ದ. ಅಷ್ಟು ಹೊತ್ತಿಗೆ ನನಗೂ ಎಚ್ಚರವಾಗುತ್ತಿತ್ತು. "ಸರಿಹೋಯ್ತು ನೋಡಿ ಅಕ್ಕಾ" ಎಂದು ಮೈಕು ನನ್ನ ಕಡೆ ತಿರುಗಿಸಿಟ್ಟು ಹೋಗುತ್ತಿದ್ದ.

ಇದೆಲ್ಲ ನಗುತ್ತಾ ಹೇಳುತ್ತಿದ್ದೇನೆ, ಆದರೆ ನಗು ಬಾರದ ದಿನವೂ ಬಂತು. ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆಯಲು ನಲ್ಲಿಯ ಕಡೆ ಹೋಗುವಾಗ ಅಂಕಣದ ಅಂಚಿನಿಂದ ಕೆಳಗೆ ಬಿದ್ದೆ. ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಕಣ್ಣು ಬಿಟ್ಟಾಗ ಹಿಂದಿನ ಚಕ್ರ ನನ್ನ ಜಡೆಯ ಮೇಲೆ ನಿಂತಿತ್ತು. ಜಡೆಯ ಮೇಲೆ! ತಲೆ ಇದ್ದದ್ದು ಅಲ್ಲಿಂದ ಒಂದು ಗೇಣು. ಡ್ರೈವರು ಇಳಿದು ಬಂದು, "ಹೀಗೆ ದಾರಿ ಮಧ್ಯೆ ಮಲಗ್ತಾರೇನ್ರೀ?" ಎಂದು ಬೈದ. ಸುತ್ತ ನಿಂತವರು, "ಬಿಸಿಲಿಗೆ ನಿದ್ದೆ ಬಂದಿರ್ಬೇಕು" ಎಂದರು.

ನಮ್ಮ ಯಜಮಾನರು ಷಡಕ್ಷರಿ, ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಸಾಧು ಪ್ರಾಣಿ. ಊರಿನ ಕಟ್ಟುಪಾಡಿಗೆ ಎಷ್ಟು ಹೆದರುತ್ತಾರೆಂದರೆ, ಮದುವೆಯಾಗಿ ಇಷ್ಟು ವರ್ಷವಾದರೂ ಫಿಟ್ಸ್ ಎನ್ನುವ ಪದ ಮನೆಯೊಳಗೂ ಅವರ ಬಾಯಿಂದ ಬಂದಿರಲಿಲ್ಲ. "ನಿನಗೆ ಸುಸ್ತಾದಾಗ" ಎನ್ನುತ್ತಿದ್ದರು. ಅವತ್ತು ಸಂಜೆ ನನ್ನನ್ನು ಬಚ್ಚಲಲ್ಲಿ ಕೂರಿಸಿ, ಜಡೆಗೆ ಮೆತ್ತಿಕೊಂಡಿದ್ದ ಗ್ರೀಸನ್ನು ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದರು. ಅವರ ಕೈ ನಡುಗುತ್ತಿದ್ದದ್ದು ನನ್ನ ನೆತ್ತಿಗೆ ಗೊತ್ತಾಗುತ್ತಿತ್ತು. ಮರುದಿನ ಅಂಗಡಿ ಬಾಗಿಲು ತೆಗೆಯದೆ ಹೊಳೆ ದಾಟಿದರು.

ಹೊಳೆಯಾಚೆ ವಾಸಿಯಾಗದವರ ಗುಡಿಸಲುಗಳಿವೆ. ಅಲ್ಲೊಬ್ಬರು ಕೊಟ್ರಬಸಪ್ಪ, ಪೊಲೀಸ್ ನಾಯಿಗಳ ದಳದಲ್ಲಿದ್ದವರು. ಉಬ್ಬಸ ವಾಸಿಯಾಗಲಿಲ್ಲವೆಂದು ಊರು ಬಿಟ್ಟು, ಬೀದಿನಾಯಿಯ ಮರಿಗಳನ್ನು ಸಾಕಿ ಅಲ್ಲಿನವರಿಗೆ ಆಸರೆಯಾಗುವಂತೆ ಪಳಗಿಸುತ್ತಿದ್ದರು. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ, ಕೈಕಾಲು ಏಳದವರಿಗೆ ಚೊಂಬು ತಂದುಕೊಡುವ ನಾಯಿ. ನಾನು ಉಟ್ಟು ಬಿಟ್ಟ ಬಟ್ಟೆಗಳನ್ನು ಯಜಮಾನರು ತಿಂಗಳುಗಟ್ಟಲೆ ಅಲ್ಲಿಗೆ ಹೊತ್ತರು. ಫಿಟ್ಸ್ ಬಂದ ದಿನದ್ದು ಬೇರೆ, ಬಾರದ ದಿನದ್ದು ಬೇರೆ. ಆಮೇಲೆ ನಾನೂ ಹೋಗಿಬರತೊಡಗಿದೆ. ಫಿಟ್ಸ್ ಬರುವ ಮುಂಚೆ ನನ್ನ ಮೈಯ ವಾಸನೆ ಬದಲಾಗುತ್ತದಂತೆ. ಅದು ನಾಯಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

"ನನ್ನ ಕೇಳಬೇಡ್ರವ್ವ, ನಾನು ನಾಯಿಯಲ್ಲ" ಎಂದರು ಕೊಟ್ರಬಸಪ್ಪ. "ಎಲ್ಲ ನಾಯಿಗೂ ಬರಲ್ಲ ಇದು. ಈ ಮರಿಗೆ ಬಂತು. ನಿಮ್ಮ ಪುಣ್ಯ."

ಮರಿಯ ಹೆಸರು ದಫೇದಾರ. ಹೆಣ್ಣುನಾಯಿ. ಪೊಲೀಸರು ಹೆಸರಿಟ್ಟರೆ ಇನ್ನೇನಿಡುತ್ತಾರೆ? ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿಕೊಂಡಂಥದ್ದು. ಕೆಂಪು ಪಟ್ಟಿ ಕಟ್ಟಿದರೆ ಅದು ಕೆಲಸದಲ್ಲಿದೆ ಎಂದರ್ಥ. ಆಗ ಬೇರೆ ಯಾರೂ ಅದನ್ನು ಮುಟ್ಟಬಾರದು, ಅದೂ ಯಾರ ಕೈಯಿಂದಲೂ ಏನೂ ತಿನ್ನುವುದಿಲ್ಲ. ನಾನು "ವಿಶ್ರಾಮ್" ಎಂದರೆ ಮಾತ್ರ ಬಾಲ ಅಲ್ಲಾಡಿಸಿ ಸಾಮಾನ್ಯ ನಾಯಿಯಾಗುತ್ತದೆ.

ದಫೇದಾರ ಬಂದ ಮೇಲೆ ನನ್ನ ಬದುಕೇ ಬದಲಾಯಿತು. ಮೈಕಿನ ಮೇಜಿನ ಕೆಳಗೆ ಮಲಗಿರುತ್ತದೆ. ಫಿಟ್ಸ್ ಬರುವುದಿದ್ದರೆ ಎದ್ದು ಮೂಗಿನಿಂದ ನನ್ನ ಮೊಣಕಾಲನ್ನು ತಿವಿಯುತ್ತದೆ, ಸುಮ್ಮನಿದ್ದರೆ ಮತ್ತೆ ತಿವಿಯುತ್ತದೆ. ನಾನು "ಪ್ರಯಾಣಿಕರು ದಯವಿಟ್ಟು ಸ್ವಲ್ಪ ಹೊತ್ತು ಸಹಕರಿಸಬೇಕು" ಎಂದು ಹೇಳಿ, ಮೈಕು ಆರಿಸಿ, ಚಾಪೆ ಹಾಸಿ ಮಗ್ಗುಲಾಗಿ ಮಲಗುತ್ತೇನೆ. ಅದು ಬೆನ್ನಿಗೆ ಒತ್ತಿ ಮಲಗುತ್ತದೆ. ಎಲ್ಲ ಮುಗಿದು ಕಣ್ಣು ಬಿಟ್ಟಾಗ ಮೊದಲು ತಿಳಿಯುವುದು ಬೆನ್ನ ಹಿಂದಿನ ಆ ಬಿಸುಪು. ಹಲ್ಲು ಮುರಿಯಲಿಲ್ಲ, ಹಣೆ ಒಡೆಯಲಿಲ್ಲ, ಪಾತ್ರೆ ಬೀಳಲಿಲ್ಲ. ಇಷ್ಟು ವರ್ಷ ಭಯ ಹೊತ್ತುಕೊಂಡೇ ನಡೆಯುತ್ತಿದ್ದೆ ಎನ್ನುವುದು ಅದನ್ನು ಇಳಿಸಿದ ಮೇಲೆ ಗೊತ್ತಾಯಿತು. ಒಂದು ದಿನ ಸುಮ್ಮನೆ ನಾಯಿಯ ಕತ್ತು ತಬ್ಬಿಕೊಂಡು ಅತ್ತುಬಿಟ್ಟೆ.

ನಾಯಿ ಯಾಕೆ ಎಂದು ಕೇಳಿದವರಿಗೆ ಯಜಮಾನರು "ಕಾವಲಿಗೆ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನಿದೆಯೆಂದು ಕಳ್ಳನೇ ಕೇಳಬೇಕು, ಆದರೂ ಜನ ನಂಬಿದರು. ನಂಬದೆ ಹೋದವನು ಉಮಾಪತಿ ಒಬ್ಬನೇ. ಮೈಕು ಕೆಡುವುದು ನಿಂತುಹೋಗಿತ್ತಲ್ಲ! ಅವನ ಹೊಟ್ಟೆ ಮೇಲೆ ಹೊಡೆದ ಹಾಗಾಯಿತು. ನೆಟ್ಟಗೆ ಹೋಗಿ ವಾಸಿ ಸಮಿತಿಗೆ ದೂರು ಕೊಟ್ಟ: ಬಸ್ ನಿಲ್ದಾಣಕ್ಕೆ ನಾಯಿ ಬಂದಾಗಿನಿಂದ ಮೈಕು ಒಂದು ಸಲವೂ ಕೆಟ್ಟಿಲ್ಲ, ಇದರಲ್ಲಿ ಏನೋ ಇದೆ.

ಸಮಿತಿಯ ಅಧ್ಯಕ್ಷೆ ಅಲಮೇಲಮ್ಮನವರು. ಹಣೆ ತುಂಬ ಕುಂಕುಮ, ಅಂಚು ದೊಡ್ಡದಿರುವ ಸೀರೆ, ಊರಿನ ಅರ್ಧ ಜನವನ್ನು ವಾಸಿ ಮಾಡಿದ ಕೈ. ಯಾವ ವಾಸಿಯೂಟಕ್ಕೆ ಹೋದರೂ ಎರಡು ಬಟ್ಟಲು ಪಾಯಸ ಕುಡಿದೇ ಏಳುವವರು. ಅವರು ಮಂದಿ ಕಟ್ಟಿಕೊಂಡು ನಿಲ್ದಾಣದ ನನ್ನ ಮೈಕಿನ ಕೋಣೆಗೆ ಬಂದರು.

"ಮಂಗಳಾ, ಈ ನಾಯಿ ನಿನಗ್ಯಾಕಮ್ಮಾ?" ಎಂದರು, ಬಹಳ ಅಕ್ಕರೆಯಿಂದ. ಅವರು ಅಕ್ಕರೆ ತೋರಿಸಿದರೆ ಹುಷಾರಾಗಬೇಕು. "ನಿನಗೇನಾದ್ರೂ ಕಾಯಿಲೆ ಇದ್ಯಾ? ಇದ್ರೆ ಹೇಳು. ವಾಸಿಯೂಟ ಉಂಡ್ಮೇಲೂ ಕಾಯಿಲೆ ಇದೆ ಅಂದ್ರೆ ಹೊಳೆಯಾಚೆಗೆ ಕಳಿಸ್ಬೇಕಾಗುತ್ತೆ, ನಂಗೂ ಇಷ್ಟ ಇಲ್ಲ. ಇಲ್ಲ ಅಂದ್ರೆ ಕೆಲಸದ ಜಾಗದಲ್ಲಿ ನಾಯಿ ಯಾಕೆ, ನಾಳೆನೇ ಹಿಡಿಸಿ ಆಚೆ ದಾಟಿಸ್ತೀವಿ."

ಇದೆ ಎಂದರೆ ಬಸ್ಸು ಹೋಯಿತು, ಮನೆ ಹೋಯಿತು. ಇಲ್ಲ ಎಂದರೆ ನಾಯಿ ಹೋಯಿತು, ಆಮೇಲೆ ಯಾವುದೋ ಚಕ್ರ ಜಡೆಯ ಮೇಲೆ ನಿಲ್ಲದೆ ಇನ್ನೂ ಒಂದು ಗೇಣು ಮುಂದೆ ಬರುತ್ತದೆ. ಸುದ್ದಿ ಕೇಳಿ ಅಂಗಡಿಯಿಂದ ಓಡಿಬಂದು ಬಾಗಿಲಲ್ಲಿ ನಿಂತಿದ್ದ ಯಜಮಾನರು ಇದ್ದಕ್ಕಿದ್ದಂತೆ ಬಾಯಿ ತೆರೆದರು.

"ಕಾಯಿಲೆ ನಾಯಿಗೆ" ಎಂದರು.

ಎಲ್ಲರೂ ದಫೇದಾರನನ್ನು ನೋಡಿದರು. ಅದು ಎಲ್ಲರನ್ನೂ ನೋಡಿತು.

"ಅದಕ್ಕೆ... ಸುಸ್ತಾಗುತ್ತೆ. ಒಂಟಿಯಾಗಿ ಬಿಡೋ ಹಾಗಿಲ್ಲ. ಅದಕ್ಕೇ ಇವಳು ಜೊತೇಲಿ ಇಟ್ಕೊಂಡಿರ್ತಾಳೆ."

ಅಲಮೇಲಮ್ಮನವರ ಮುಖ ಅರಳಿತು. ನಾಯಿಗೆ ವಾಸಿಯೂಟ ಇನ್ನೂ ಆಗಿರಲಿಲ್ಲವಲ್ಲ, ಕಾಯಿಲೆ ಬೀಳುವ ಪೂರ್ಣ ಹಕ್ಕು ಅದಕ್ಕಿತ್ತು. ಮಂಡಲ ತುಂಬಿದ ಮೇಲೆ ಊಟ, ಊಟವಾದ ಮೇಲೆ ಆರೋಗ್ಯವಂತ ನಾಯಿಗೆ ಬಸ್ ನಿಲ್ದಾಣದಲ್ಲಿ ಕೆಲಸವಿಲ್ಲ, ಆಚೆ ದಾಟಿಸುವುದು ಎಂದು ತೀರ್ಮಾನಿಸಿ ಎದ್ದರು. ನಮಗೆ ಸಿಕ್ಕಿದ್ದು ಒಂದು ಮಂಡಲದ ಉಸಿರು, ಅಷ್ಟೇ.

ಆ ಮಂಡಲದಲ್ಲಿ ನಾನು ಕಂಡದ್ದನ್ನು ಹೇಳಿದರೆ ನೀವು ನಗುತ್ತೀರಿ, ನನಗೆ ಮೈಯೆಲ್ಲ ಉರಿಯುತ್ತದೆ. ಇಷ್ಟು ವರ್ಷ ಒಂದು ಸಲವೂ "ಹೇಗಿದೀಯಾ" ಎಂದು ಕೇಳದ ಜನ ದಿನಾ ಬೆಳಗ್ಗೆ ನಾಯಿಯ ಯೋಗಕ್ಷೇಮ ವಿಚಾರಿಸಿದರು. ಗಂಜಿ ಬಂತು, ಎಳನೀರು ಬಂತು, ಒಬ್ಬಾಕೆ ಕಂಬಳಿ ಹೊಲಿದು ತಂದಳು. ಬಸ್ಸು ಹತ್ತಿದರೆ ಕಂಡಕ್ಟರು, "ಎದ್ದೇಳ್ರೀ, ಕಾಯಿಲೆಯವರು ಬಂದ್ರು" ಎಂದು ಸೀಟು ಬಿಡಿಸಿ ನಾಯಿಯನ್ನು ಕೂರಿಸುತ್ತಿದ್ದ. ನಾನು ಕಂಬಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ಒಂದು ದಿನ ಮಾರುಕಟ್ಟೆಯಲ್ಲಿ ಅದು ಮೊಣಕಾಲು ತಿವಿಯಿತು. ಸೊಪ್ಪಿನ ರಾಶಿಯ ಪಕ್ಕ ಜಾಗ ನೋಡಿ ಮಲಗಿದೆ. ಎಚ್ಚರವಾದಾಗ ಜನ ಸುತ್ತುಗಟ್ಟಿ ನಿಂತಿದ್ದರು, ನಾಯಿಯ ಸುತ್ತ. ಒಬ್ಬ ಮುದುಕಿ ಸೆರಗಿನಿಂದ ಅದಕ್ಕೆ ಗಾಳಿ ಬೀಸುತ್ತಿದ್ದಳು, ಇನ್ನೊಬ್ಬ ಅದರ ಮುಂಗಾಲಿನ ಕೆಳಗೆ ರಾಜಾರೋಷವಾಗಿ ಬೀಗದ ಕೈ ಇಟ್ಟಿದ್ದ. ನಾನು ಮಣ್ಣು ಕೊಡವಿಕೊಂಡು ಎದ್ದರೆ ಆ ಮುದುಕಿ, "ಸ್ವಲ್ಪ ಆಚೆ ನಿಂತ್ಕೊಳಮ್ಮಾ, ಪಾಪ ಅದಕ್ಕೆ ಗಾಳಿಯಾಡ್ಲಿ" ಎಂದಳು.

ನಾಯಿಯನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹೊಟ್ಟೆಕಿಚ್ಚಿನ ಜೊತೆಗೇ ದಿನಗಳನ್ನೂ ಎಣಿಸುತ್ತಿದ್ದೆ, ಮಂಡಲ ತುಂಬುತ್ತಾ ಬಂದಿತ್ತು.

ನಾಯಿಯ ವಾಸಿಯೂಟ ಎಂದರೆ ಊರಿನಲ್ಲಿ ಹಿಂದೆ ನಡೆದದ್ದಲ್ಲ, ಆದ್ದರಿಂದ ಬಸ್ ನಿಲ್ದಾಣದಲ್ಲೇ ಚಪ್ಪರ ಹಾಕಿದರು. ನಾಯಿಯನ್ನು ದಾಟಿಸಲು ಬೋನಿನ ಗಾಡಿಯೂ ಬಂದು ಆಚೆ ನಿಂತಿತ್ತು. ಗಾಡಿಯವನೂ ಊಟಕ್ಕೆ ಕೂತಿದ್ದ. ದಫೇದಾರನಿಗೆ ಚೆಂಡುಹೂವಿನ ಹಾರ ಹಾಕಿ ಮಣೆಯ ಮೇಲೆ ಕೂರಿಸಿದರು. ಪಟ್ಟಿ ಬಿಚ್ಚಲು ನಾನು ಬಿಡಲಿಲ್ಲ. ಮುಂದೆ ಮುತ್ತುಗದ ಎಲೆ, ಎಲೆಯ ಮೇಲೆ ಶಾವಿಗೆ ಪಾಯಸ. ಅಲಮೇಲಮ್ಮನವರು ಆರತಿ ಎತ್ತಿದರು. ನಾಯಿ ಪಾಯಸ ಮುಟ್ಟಿದ ಕೂಡಲೇ "ವಾಸಿಯಾಯಿತು" ಎಂದು ಮೈಕಿನಲ್ಲಿ ಕೂಗುವ ಕೆಲಸವನ್ನು ನನಗೇ ವಹಿಸಿದ್ದರು. ಇಂಥ ವಿಷಯದಲ್ಲಿ ಸಮಿತಿಯವರ ತಲೆ ಚೆನ್ನಾಗಿ ಓಡುತ್ತದೆ.

"ತಿನ್ನು ಮರಿ" ಎಂದರು ಅಲಮೇಲಮ್ಮ.

ದಫೇದಾರ ಪಾಯಸದ ಕಡೆ ತಿರುಗಿಯೂ ನೋಡಲಿಲ್ಲ. ಕೆಲಸದಲ್ಲಿತ್ತಲ್ಲ, ನನ್ನನ್ನೇ ನೋಡುತ್ತಾ ಕೂತಿತು. ಪುಸಲಾಯಿಸಿದರು, ಗದರಿದರು, ಒಬ್ಬ ಬೆರಳಿನಲ್ಲಿ ಅದ್ದಿ ಮೂಗಿಗೆ ಹಚ್ಚಿದ. ಅದು ಮೂಗನ್ನೂ ನೆಕ್ಕಿಕೊಳ್ಳಲಿಲ್ಲ. ಪಂಕ್ತಿಯಲ್ಲಿ ಕೂತ ಜನ ಹಸಿದ ಮುಖ ಮಾಡಿಕೊಂಡು ತಂತಮ್ಮ ಎಲೆ ನೋಡತೊಡಗಿದರು. ಎಲ್ಲರ ಪಾಯಸದ ಮೇಲೂ ಕೆನೆ ಕಟ್ಟುತ್ತಿತ್ತು.

"ಮಂಗಳಕ್ಕ ಏನೋ ಒಂದು ಮಾತು ಹೇಳ್ತಾರೆ, ಆಗ ತಿನ್ನುತ್ತೆ. ನಾನು ಕೇಳಿದೀನಿ" ಎಂದ ಉಮಾಪತಿ.

ಇಡೀ ಊರಿನ ಕಣ್ಣು ನನ್ನ ಮೇಲೆ ಬಿತ್ತು. ಒಂದು ಮಾತು ಆಡಿದರೆ ಎಲ್ಲರ ಊಟ, ನನ್ನ ನಾಯಿ ಬೋನಿಗೆ. ಯಜಮಾನರು ಹತ್ತಿರ ಬಂದು, "ಹೇಳ್ಬಿಡು ಮಂಗಳಾ, ಮುಂದೆ ಏನಾದ್ರೂ ನೋಡೋಣ" ಎಂದು ಪಿಸುಗುಟ್ಟಿದರು. ನಾನು ಬಾಯಿ ತೆರೆದದ್ದೇನೋ ನಿಜ. ಅಷ್ಟರಲ್ಲಿ ದಫೇದಾರ ಹಾರದ ಸಮೇತ ಮಣೆಯಿಂದ ಎದ್ದು, ಎಲೆಗಳ ನಡುವೆ ದಾರಿ ಮಾಡಿಕೊಂಡು ಬಂದು, ನನ್ನ ಮೊಣಕಾಲನ್ನು ತಿವಿಯಿತು. ನಾನು ಅಲ್ಲಾಡಲಿಲ್ಲ. ಮತ್ತೆ ತಿವಿಯಿತು.

ಕೋಣೆಗೆ ಓಡಬಹುದಿತ್ತು. ಪ್ರತಿ ಸಲ ಅದನ್ನೇ ಮಾಡಿದ್ದೆ. ಆದರೆ ಅವತ್ತು ಯಾಕೋ ರೇಗಿಹೋಯಿತು. ಯಾರ ಮೇಲೆ ಎಂದು ಹೇಳಲಾರೆ, ಎಲ್ಲರ ಮೇಲೂ. ಮೈಕು ಎಳೆದುಕೊಂಡೆ.

"ಪ್ರಯಾಣಿಕರ ಗಮನಕ್ಕೆ" ಎಂದೆ, ದಿನಾ ಹೇಳುವ ಧ್ವನಿಯಲ್ಲೇ. "ಷಡಕ್ಷರಿಯವರ ಹೆಂಡತಿ ಸರ್ವಮಂಗಳಾ ಇನ್ನು ಕೆಲವೇ ನಿಮಿಷಗಳಲ್ಲಿ ಒಂದನೇ ಅಂಕಣದಲ್ಲಿ ಬೀಳಲಿದ್ದಾರೆ. ಯಾರೂ ನೂಕುನುಗ್ಗಲು ಮಾಡಬಾರದು. ಬಾಯಿಗೆ ನೀರು ಹಾಕಬಾರದು. ಕೈಕಾಲು ಅದುಮಿ ಹಿಡಿಯಬಾರದು. ಕೀ ಬೀಳಿಸುವವರು ದೂರದಲ್ಲಿ ಬೀಳಿಸಿಕೊಳ್ಳಬೇಕು. ತಡವಾದಲ್ಲಿ ಡಾಕ್ಟರನ್ನು ಕರೆಯಬೇಕು. ನಾಯಿಯನ್ನು ಯಾರೂ ಮುಟ್ಟಬಾರದು, ಅದು ಕರ್ತವ್ಯದಲ್ಲಿದೆ. ಧನ್ಯವಾದಗಳು."

ಮೈಕು ಆರಿಸಲಿಲ್ಲ. ಪಂಕ್ತಿಯ ನಡುವೆಯೇ ಮಗ್ಗುಲಾಗಿ ಮಲಗಿದೆ.

ಕಣ್ಣು ಬಿಟ್ಟಾಗ ಬೆನ್ನ ಹಿಂದೆ ನಾಯಿಯಿತ್ತು. ತಲೆಯ ಕೆಳಗೆ ಯಜಮಾನರ ಶಲ್ಯವಿತ್ತು, ಅವರು ನನ್ನ ಪಕ್ಕದಲ್ಲಿ ನೆಲದ ಮೇಲೇ ಕೂತಿದ್ದರು, ಎಲ್ಲರೆದುರಿಗೆ. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ಉಪ್ಪುಪ್ಪು. ಊರಿನವರು ಏನು ಮಾಡುತ್ತಿದ್ದರು ಅನ್ನುತ್ತೀರಿ? ಅರ್ಧ ಜನ ಚಪ್ಪರದ ಬಟ್ಟೆ ನೋಡುತ್ತಿದ್ದರು, ಅರ್ಧ ಜನ ಕರೆಂಟು ಕಂಬ ನೋಡುತ್ತಿದ್ದರು. ಉಮಾಪತಿ ಸ್ಕ್ರೂಡ್ರೈವರು ಹಿಡಿದು ಮೈಕು ಬಿಚ್ಚುತ್ತಿದ್ದ.

"ಮೈಕು ಸರಿಹೋಯ್ತೇನಪ್ಪಾ?" ಎಂದು ಕೇಳಿದರು ಅಲಮೇಲಮ್ಮ.

ಅಷ್ಟೇ ಸಾಕಾಯಿತು. "ಮೈಕಿಗೇನೂ ಆಗಿಲ್ರೀ!" ಎಂದು ಕಿರುಚಿದೆ. ಧ್ವನಿ ಒಡೆದಿತ್ತು, ಎದ್ದು ಕೂರಲು ಆಗುತ್ತಿರಲಿಲ್ಲ, ಆದರೂ ಕಿರುಚಿದೆ. "ಯಾವತ್ತೂ ಆಗಿಲ್ಲ! ನಾಯಿಗೂ ಏನೂ ಆಗಿಲ್ಲ! ಆಗಿರೋದು ನನಗೆ. ಹತ್ತೊಂಬತ್ತನೇ ವಯಸ್ಸಿಂದ ಇದೆ, ನಿಮ್ಮ ಪಾಯಸಕ್ಕೆ ಹೋಗ್ಲಿಲ್ಲ, ಇನ್ಮೇಲೂ ಹೋಗಲ್ಲ. ಈ ನಾಯಿ ಇಲ್ದೆ ನಾನು ಯಾವುದೋ ಒಂದು ಚಕ್ರದ ಕೆಳಗೆ ಸಾಯ್ತೀನಿ. ಆಗ ಏನಂತೀರಾ? ಬಿಸಿಲಿಗೆ ನಿದ್ದೆ ಬಂತು ಅಂತೀರಾ?"

ಆಗ ಯಜಮಾನರು, "ಹೌದು" ಎಂದರು. ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ, "ಹೌದು. ನನ್ ಹೆಂಡ್ತಿಗೆ ಫಿಟ್ಸ್ ಬರುತ್ತೆ. ಹೊಳೆ ದಾಟು ಅಂದ್ರೆ ಮೂರೂ ಜನ ದಾಟ್ತೀವಿ" ಎಂದರು. ಆ ಪದ ಅವರ ಬಾಯಲ್ಲಿ ಮೊದಲ ಸಲ ಕೇಳಿದೆ. ಬಿದ್ದಲ್ಲೇ ಅವರ ಕೈ ಹುಡುಕಿದೆ.

ಈಗ ಸಮಿತಿ ಇಕ್ಕಟ್ಟಿಗೆ ಸಿಕ್ಕಿತು. ನಾನು ನಿಜ ಎಂದರೆ ನನ್ನ ಊಟ ಉಂಡವರೆಲ್ಲ ಸುಳ್ಳುಸಾಕ್ಷಿಗಳು, ಅವರಲ್ಲಿ ಅಲಮೇಲಮ್ಮನವರೂ ಒಬ್ಬರು. ಸುಳ್ಳು ಎಂದರೆ, ಕಣ್ಣೆದುರಿಗೆ, ಮೈಕಿನಲ್ಲಿ ಮುಂಚೆಯೇ ಹೇಳಿ ಬಿದ್ದಿದ್ದೇನೆ. ಎಲ್ಲಕ್ಕಿಂತ ಮುಖ್ಯವಾಗಿ ಊಟದ ಹೊತ್ತು ಮೀರಿಹೋಗಿತ್ತು. ಪಂಕ್ತಿಯ ಕೊನೆಯಲ್ಲಿದ್ದ ಬೋನಿನ ಗಾಡಿಯವನು, ಹಸಿವು ತಡೆಯಲಾರದೆಯೇ ಇರಬೇಕು, "ನಾಯಿಯಿಂದ ಅಂಟ್ಕೊಂಡಿರ್ಬೇಕು ಬಿಡ್ರೀ" ಎಂದುಬಿಟ್ಟ.

ಅಲಮೇಲಮ್ಮನವರು ಆ ಮಾತನ್ನು ಗಪ್ಪನೆ ಹಿಡಿದುಕೊಂಡರು. "ಅಷ್ಟೇ! ಅಂಟಿದೆ! ನಾಯಿ ವಾಸಿಯಾಯ್ತು, ಅದರ ಕಾಯಿಲೆ ಇವಳಿಗೆ ಅಂಟ್ತು. ಹಳೇದು ಬೇರೆ, ಇದು ಬೇರೆ. ಇವತ್ತಿಂದ ಮಂಗಳಾಗೆ ಹೊಸ ಮಂಡಲ. ಕಾಯಿಲೆಯವರ ಹತ್ರ ಆರೋಗ್ಯವಾಗಿರೋರು ಒಬ್ರು ಇರ್ಬೇಕಲ್ಲ, ನಾಯಿ ಇರ್ಲಿ. ಮಂಡಲ ಮುಗಿದ್ಮೇಲೆ ಇವಳಿಂದ ಅದಕ್ಕೆ ಅಂಟುತ್ತೋ ಏನೋ, ಅದನ್ನ ಆಗ ನೋಡಣ."

ಅಲ್ಲ, ಅಂಟಿದ್ದಲ್ಲ, ಮೊದಲಿಂದಲೂ ನನ್ನದೇ ಎಂದು ಹಟ ಹಿಡಿಯಬಹುದಿತ್ತು. ಹಿಡಿದಿದ್ದರೆ ನಾನು ಸತ್ಯವಂತೆಯಾಗಿ ಹೊಳೆಯಾಚೆ ಕೂತಿರುತ್ತಿದ್ದೆ. ಅಲ್ಲಿ ಬಸ್ಸುಗಳಿಲ್ಲ. ಯಜಮಾನರ ಮುಖ ನೋಡಿದೆ, ನಾಯಿಯ ಮುಖ ನೋಡಿದೆ. ಸತ್ಯ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿಯಾಗಿತ್ತು. "ವಿಶ್ರಾಮ್" ಎಂದೆ. ದಫೇದಾರ ಒಂದೇ ಉಸಿರಿಗೆ ಎಲೆ ನೆಕ್ಕಿ ಹರಿದುಹಾಕಿತು. ಊರಿಗೆ ಊರೇ ಸೊರ್ ಸೊರ್ ಎಂದು ಪಾಯಸ ಹೀರತೊಡಗಿತು.

ನಾನು ಎಣಿಸದಿದ್ದ ವಿಷಯ ನಡೆದದ್ದು ಮಾರನೆಯ ದಿನ. ಔಷಧಿ ಅಂಗಡಿಯವನು ಬಂದು ನಾಯಿಯನ್ನೇ ನೋಡುತ್ತಾ ನಿಂತ. "ಅಕ್ಕಾ, ಇದರ ಕಾಯಿಲೆ ಅಂಟುತ್ತೆ ಅಂತ ಸಮಿತಿಯೋರೇ ಹೇಳಿದ್ರಲ್ಲ. ಯಾವ್ ಕಾಯಿಲೆ ಅಂತ ಹೇಳಿಲ್ಲ, ಅಲ್ವಾ?" ಎಂದ. ಇಲ್ಲ ಎಂದೆ. "ಒಂದ್ಸಲ ಮುಟ್ಲಾ?" ಎಂದ. ನಾನು ಪಟ್ಟಿ ಬಿಚ್ಚಿದೆ. ಬಗ್ಗಿ ನಾಯಿಯ ತಲೆ ಸವರಿದ. ಸಂಜೆಯ ಹೊತ್ತಿಗೆ ಅವನಿಗೆ ಮೊಣಕಾಲುನೋವು ಇದೆಯೆಂದು ಇಡೀ ಕೇರಿಗೆ ಗೊತ್ತಾಯಿತು. ಹೊಸ ಮೊಣಕಾಲುನೋವು, ನಾಯಿಯಿಂದ ಅಂಟಿದ್ದು. ಎಷ್ಟೋ ವರ್ಷದ ಮೇಲೆ ಕುಂಟಬೇಕೆನಿಸಿದಷ್ಟು ಧಾರಾಳವಾಗಿ ಕುಂಟುತ್ತಾ ಮನೆಗೆ ಹೋದನಂತೆ.

ಆಮೇಲೆ ಕೇಳಬೇಕೇ? ಉಬ್ಬಸದವರು, ಅರೆತಲೆನೋವಿನವರು, ರಾತ್ರಿಯೆಲ್ಲ ಎದೆ ಹಿಡಿದುಕೊಂಡು ಕೂರುವವರು, ಯಾವ ಕಾರಣವೂ ಇಲ್ಲದೆ ಅಳು ಬರುವವರು, ಎಲ್ಲರೂ ಬಂದರು. ನೆಂಟರಿಗೆ ಎಂದು ಮಾತ್ರೆ ಕೊಂಡವರೇ ಆ ನೆಂಟರು! ಉಮಾಪತಿಯೂ ಬಂದ, ಅವನ ಕಿವಿಯಲ್ಲಿ ಯಾವಾಗಲೂ ಗುಂಯ್ ಎನ್ನುತ್ತದಂತೆ. ಬಿಟ್ಟರೆ ದಿನವಿಡೀ ನಾಯಿಯನ್ನು ಸವರಿ ಸವರಿ ಬೋಳು ಮಾಡುತ್ತಿದ್ದರು. ಗದರಿ, ಸಾಲು ನಿಲ್ಲಿಸಿ, ಬೆಳಗಿನ ಒಂದು ಗಂಟೆ ಮಾತ್ರ, ಯಜಮಾನರು ನನ್ನ ಪಕ್ಕ ಕೂತಿರುವಾಗ, ಎಂದು ಕಟ್ಟುನಿಟ್ಟು ಮಾಡಿದೆ. ಸಾಲಿನಲ್ಲಿ ನಿಂತವರು ತಮ್ಮ ತಮ್ಮ ಹೊಸ ಕಾಯಿಲೆಗಳ ಬಗ್ಗೆ ಬಾಯ್ತುಂಬ ಮಾತಾಡಿಕೊಳ್ಳುತ್ತಿದ್ದರು. ಅಂಥ ಗಲಗಲ ನಮ್ಮೂರಿನಲ್ಲಿ ಯಾವ ಮದುವೆಯಲ್ಲೂ ಕೇಳಿಲ್ಲ.

ಅಲಮೇಲಮ್ಮನವರು ಬಂದದ್ದು ಒಂದು ಮಟಮಟ ಮಧ್ಯಾಹ್ನ, ನಿಲ್ದಾಣ ಖಾಲಿಯಿದ್ದಾಗ. ಜೊತೆಗೆ ಯಾರೂ ಇರಲಿಲ್ಲ. ಒಳಗೆ ಬಂದು ಬಾಗಿಲು ಮುಂದೆ ಮಾಡಿ, ನಾಯಿಯ ಮುಂದೆ ಕೈ ಚಾಚಿದರು.

ದಫೇದಾರ ಆ ಕೈಯನ್ನು ಮೂಸಲೂ ಇಲ್ಲ. ಪಟ್ಟಿ ಕಟ್ಟಿತ್ತು, ಅದರ ಕಣ್ಣು ನನ್ನ ಮೇಲೆ.

"ಯಾವಾಗಿಂದ?" ಎಂದು ಕೇಳಿದೆ.

"ಇವತ್ತಿಂದ. ನಾಯಿ ಇವತ್ತು ಮುಟ್ತು ಅಂತಿಟ್ಕೋ."

"ನಾಯಿ ಇನ್ನೂ ಮುಟ್ಟಿಲ್ಲ."

ಅವರು ಒಮ್ಮೆ ಬಾಗಿಲ ಕಡೆ ನೋಡಿದರು. ಚಾಚಿದ ಕೈ ಹಾಗೇ ಇತ್ತು. "ಹನ್ನೊಂದು ವರ್ಷ ಆಯ್ತು ಮಂಗಳಾ" ಎಂದರು ಕೊನೆಗೆ. "ಸಕ್ಕರೆ ಕಾಯಿಲೆ. ಪಾಯಸ ಬೇಡ ಅಂದ್ರೆ ಜನ ಏನಂದ್ಕೋತಾರೆ ಅಂತ ಎಲ್ಲರ ಊಟದಲ್ಲೂ ಎರಡೆರಡು ಬಟ್ಟಲು... ಕಾಲು ಮರಗಟ್ಟಿಹೋಗಿದೆ ಕಣೇ. ಮೊನ್ನೆ ನಿಮ್ಮ ನಾಯಿಗೆ ಆರತಿ ಎತ್ತೋವಾಗ ತಟ್ಟೆಯಿಂದ ಉರಿಯೋ ಕರ್ಪೂರ ಬಿತ್ತು, ತುಳ್ಕೊಂಡು ನಿಂತಿದ್ದೆ. ಗೊತ್ತೇ ಆಗ್ಲಿಲ್ಲ. ಮನೆಗೆ ಹೋಗಿ ನೋಡ್ತೀನಿ, ಚರ್ಮ ಸುಟ್ಟಿದೆ."

ನನಗೆ ಕರುಣೆ ಬರಬೇಕಿತ್ತು. ಮೊದಲು ಬಂದದ್ದು ಸಿಟ್ಟು. ಹೊಳೆಯಾಚೆ ಕಳಿಸುತ್ತೇನೆ ಎಂದ ಬಾಯಿ ಇದೇ, ಮೈಕು ಸರಿಹೋಯ್ತಾ ಎಂದ ಬಾಯಿ ಇದೇ. ಹನ್ನೊಂದು ವರ್ಷ ನನ್ನ ಹಾಗೇ ಬಚ್ಚಿಟ್ಟುಕೊಂಡು ಓಡಾಡಿ, ಅದೇ ಕೈಯಲ್ಲಿ ನಮ್ಮೆಲ್ಲರಿಗೂ ಆರತಿ ಎತ್ತುತ್ತಿದ್ದಳಲ್ಲ ಈ ಹೆಂಗಸು! ಚೆನ್ನಾಗಿ ನಾಲ್ಕು ಮಾತು ಅನ್ನಬೇಕೆಂದು ಬಾಯಿಗೆ ಬಂದಿತ್ತು.

"ನಾಯಿ ಕೆಲಸದಲ್ಲಿದೆ ಅಮ್ಮಾ, ಈಗ ಮುಟ್ಟೋ ಹಾಗಿಲ್ಲ" ಎಂದೆ.

ಅವರು ತಲೆಯಾಡಿಸಿದರು. ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಳ್ಳತೊಡಗಿದರು. ಆ ಕೈ ನಡುಗುತ್ತಿತ್ತು, ಅಂದು ಬಚ್ಚಲಲ್ಲಿ ನನ್ನ ಯಜಮಾನರ ಕೈ ನಡುಗಿದ ಹಾಗೆಯೇ. ನಾನು ಮೇಜಿನ ಮೇಲಿಂದ ಬಗ್ಗಿ ಅದನ್ನು ಹಿಡಿದುಕೊಂಡೆ.

"ನಾಯಿಯೇ ಯಾಕೆ ಬೇಕು?" ಎಂದೆ. "ನಿಮ್ಮ ಸಮಿತಿ ತೀರ್ಪಿನ ಪ್ರಕಾರ ನನ್ನಿಂದಲೂ ಅಂಟುತ್ತೆ."